ಕಡಲ ಗಾಳದ ರಾಟೆ

ಯಂತ್ರಗಳಿಗೂ ಚರಿತ್ರೆಯುಂಟು. ಕಡಲ ಮೀನಿಗಾಗಿ ಗಾಳದ ಕೋಲಿಗೆ ಬಿಗಿಯುವ ದಾರದ ರಾಟೆ, ಎಂದರೆ ರೀಲು, ಇದಕ್ಕೊಂದು ನಿದರ್ಶನ.

1898ರಲ್ಲಿ ಕ್ಯಾಲಿಫೋರ್ನಿಯಾ ತೀರದಾಚೆಯ ಕ್ಯಾಟಲೀನಾ ದ್ವೀಪದ ಬಳಿ ಚಾರ್ಲ್ಸ್ ಹೋಲ್ಡರ್ ಅವರು 183 ಪೌಂಡು ತೂಕದ ಟ್ಯೂನಾ ಮೀನನ್ನು ಗಾಳದಿಂದ ಹಿಡಿದರು. ಅಂದಿನ ರಾಟೆಗಳಲ್ಲಿ ಮೀನು ದಾರವನ್ನು ಸೆಳೆದೊಡನೆ ಹಿಡಿಕೆಯೂ ರಭಸದಿಂದ ಹಿಂದಕ್ಕೆ ತಿರುಗಿ ಬೆರಳುಗಳನ್ನು ಜಜ್ಜುತ್ತಿತ್ತು. ಹೆಬ್ಬೆರಳಿನಿಂದ ಒತ್ತುವ ತೊಗಲಿನ ತುಂಡೊಂದೇ ಅದಕ್ಕೆ ತಡೆ. ವಿಲಿಯಂ ಬೋಶೆನ್ ಅವರ ಕಲ್ಪನೆಯಂತೆ ಬ್ರೂಕ್ಲಿನ್ನಿನ ಜೂಲಿಯಸ್ ವಾಮ್ ಹೋಫ್ ಈ ತಡೆಯನ್ನು ರಾಟೆಯೊಳಗೇ ಅಳವಡಿಸಿದರು. ದಾರ ಹರಿದರೂ ಹಿಡಿಕೆ ತಿರುಗದಾಯಿತು. 1913ರಲ್ಲಿ ಬೋಶೆನ್ ಅಂಥ ರಾಟೆಯಿಂದ 350 ಪೌಂಡಿಗೂ ಮಿಕ್ಕಿದ ಕತ್ತಿಮೀನನ್ನು ಹಿಡಿದರು.

ಆ ಕಾಲದ ಉತ್ತಮ ರಾಟೆಗಳ ಪಕ್ಕದ ಫಲಕಗಳು ಗಟ್ಟಿ ರಬ್ಬರಿನವು. ಉಂಗುರಗಳು ಜರ್ಮನ್ ಸಿಲ್ವರಿನವು. ಉಪ್ಪುನೀರು ಲೋಹವನ್ನು ಕಿಲುಬುಗಟ್ಟಿಸಿ ತಿರುಪುಗಳನ್ನು ಕಚ್ಚಿಸಿಬಿಡುತ್ತದೆ. ಬಲ್ಲ ಕುಶಲಿ ಬಲ ಪ್ರಯೋಗಿಸದೆ ಎಣ್ಣೆಯಿಟ್ಟು ಕಾಯುತ್ತಾನೆ. ಕೈಗೆಲಸದ ವಸ್ತುವಾದ್ದರಿಂದ, ಕಳಚಿದ ಪ್ರತಿಯೊಂದು ತಿರುಪನ್ನೂ ಅದರದೇ ತೂತಿಗೆ ಮರಳಿಸುತ್ತಾನೆ. ಬಿಸಿನೀರು ಸೋಕಿದರೆ ಕಪ್ಪು ರಬ್ಬರು ಬಣ್ಣಗೆಡುವುದೆಂಬುದನ್ನೂ ಅವನು ಮರೆಯುವುದಿಲ್ಲ.

ಹುಣಿಸೆಹಣ್ಣಿನಿಂದ ಬೆಳಗಿದ ಚೊಂಬಿನಂತೆ ಹಳೆಯ ರಾಟೆಯೂ ಥಳಥಳಿಸಲೆಂಬ ಆಸೆ ಸಹಜವೇ. ಆದರೆ ಅತಿಯಾಗಿ ಉಜ್ಜಿದರೆ ಕಿಲುಬಿನೊಡನೆ ತಯಾರಕನ ಮುದ್ರೆಯೂ ಅಳಿದೀತು. ಸವೆದ ತಡೆಬಿಲ್ಲೆಯನ್ನು ಬದಲಿಸಲೇಬೇಕು, ರಾಟೆ ತಿರುಗಬೇಕಲ್ಲವೆ? ಮುದ್ರೆಯನ್ನೂ ಗೀರುಗಳನ್ನೂ ಮಾತ್ರ ಇದ್ದಂತೆಯೇ ಉಳಿಸಬೇಕು. ಅದು ಯಾರ ಕೈಯಲ್ಲಿ ಹುಟ್ಟಿತು, ಕಡಲಿನಲ್ಲಿ ಎಷ್ಟು ದುಡಿಯಿತು ಎಂಬುದಕ್ಕೆ ಹಲವು ವೇಳೆ ಬೇರೆ ಸಾಕ್ಷಿಯೇ ಇರುವುದಿಲ್ಲ.