ಸರ್ ಜಮಶೇಟಜೀ ಜೀಜೀಭಾಯಿ: ಒಂದು ವರ್ತಕ ಜೀವನ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ‘ಜೇಜೇ’ ಎಂಬ ಎರಡಕ್ಷರಗಳನ್ನು ಒಮ್ಮೆಯಾದರೂ ಉಚ್ಚರಿಸದವರು ವಿರಳ. ಭಾಯಖಳದ ಬಳಿಯ ಆಸ್ಪತ್ರೆಗೂ ಕೋಟೆಯ ಅಂಚಿನ ಚಿತ್ರಕಲಾಶಾಲೆಗೂ ಅದೇ ಹೆಸರು. ಆದರೆ ಹೆಸರು ದಿನಬಳಕೆಯಲ್ಲಿ ಸವೆದಷ್ಟೂ ಅದನ್ನು ಹೊತ್ತ ವ್ಯಕ್ತಿ ಮರೆಯಾಗುತ್ತ ಬಂದಿದ್ದಾನೆ. ಪುಣೆಯ ಬಿ. ಜೆ. ವೈದ್ಯಕೀಯ ಕಾಲೇಜಿಗೆ ಹೆಸರಿತ್ತ ಬೈರಾಮಜೀ ಜೀಜೀಭಾಯಿಯೂ ಈತನೂ ಒಬ್ಬರೇ ಎಂದು ತಿಳಿದವರು ವಿದ್ಯಾವಂತರಲ್ಲಿಯೂ ಉಂಟು. ಅವರಿಬ್ಬರೂ ಬೇರೆ ಬೇರೆ.

ಜಮಶೇಟಜೀಯ ಜನನವಾದದ್ದು 1783ರ ಜುಲೈ 15ರಂದು, ಮುಂಬಯಿಯಲ್ಲಿ. ಬಾಲ್ಯ ಕಳೆದದ್ದು ಗುಜರಾತದ ನವಸಾರಿಯಲ್ಲಿ. ಮನೆತನ ಬಡತನದ್ದು. ಹದಿನಾರನೆಯ ವಯಸ್ಸಿಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಹುಡುಗ ಮುಂಬಯಿಗೆ ಬಂದು, ಹಳೆಯ ಸೀಸೆಗಳನ್ನು ಕೊಂಡು ಮಾರುತ್ತಿದ್ದ ಸೋದರಮಾವ ಫ್ರಾಮಜೀ ನಸರವಾನಜೀಯ ಆಶ್ರಯ ಪಡೆದನು. ಆ ವ್ಯಾಪಾರದಿಂದಲೇ ಮಾವನಿಗೆ ಬಾಟಲೀವಾಲಾ ಎಂಬ ಅಡ್ಡಹೆಸರು ಬಂದಿತ್ತು. 1803ರಲ್ಲಿ ಜಮಶೇಟಜೀ ಅದೇ ಮಾವನ ಮಗಳು ಆವಾಬಾಯಿಯ ಕೈಹಿಡಿದನು. ಶಾಲೆಯ ಓದು ಈತನಿಗೆ ಒದಗಿದ್ದು ಅತ್ಯಲ್ಪ. ಲೆಕ್ಕ ಮತ್ತು ವ್ಯವಹಾರಕ್ಕೆ ಬೇಕಾದಷ್ಟು ಇಂಗ್ಲಿಷನ್ನು ಪೇಟೆಯೇ ಕಲಿಸಿತು.

ಚೀನಾದೇಶಕ್ಕೆ ಈತ ಮಾಡಿದ ಐದು ಯಾತ್ರೆಗಳಲ್ಲಿ ನಾಲ್ಕನೆಯದು ವಿಶೇಷವಾದುದು. 1805ರಲ್ಲಿ ಈತನಿದ್ದ ‘ಬ್ರನ್ಸ್‌ವಿಕ್’ ಹಡಗನ್ನು ಸಿಂಹಳದ ಸಮೀಪದಲ್ಲಿ ಫ್ರೆಂಚರು ಸೆರೆಹಿಡಿದು ಆಫ್ರಿಕೆಯ ದಕ್ಷಿಣ ತುದಿಯ ಕೇಪಿಗೆ ಕೊಂಡೊಯ್ದರು. ಸರಕೆಲ್ಲ ಹೋಯಿತು. ಆದರೆ ಅದೇ ಹಡಗಿನ ವೈದ್ಯನಾಗಿದ್ದ ವಿಲಿಯಂ ಜಾರ್ಡಿನ್ ಎಂಬ ತರುಣ ಸ್ಕಾಟನ ಪರಿಚಯ ಈ ವಿಪತ್ತಿನಲ್ಲಿ ಬಲಿಯಿತು. 1832ರಲ್ಲಿ ಆ ವೈದ್ಯನೇ ಜಾರ್ಡಿನ್ ಮ್ಯಾಥೆಸನ್ ಕಂಪನಿಯನ್ನು ಸ್ಥಾಪಿಸಿದಾಗ ಮುಂಬಯಿಯಲ್ಲಿ ಅದರ ಬಲಗೈಯಾದವನು ಜಮಶೇಟಜೀ. ಮುಂಬಯಿಯಲ್ಲಿ ಈತನೊಡನೆ ವ್ಯಾಪಾರ ನಡೆಸಿದವರು ಜೈನನಾದ ಮೋತೀಚಂದ ಅಮೀಚಂದ, ಕೊಂಕಣಿ ಮುಸಲ್ಮಾನನಾದ ಮಹಮ್ಮದ ಅಲಿ ರೋಗೇ, ಗೋವೆಯ ಕ್ರೈಸ್ತನಾದ ರೊಜೇರಿಯೊ ದ ಫಾರಿಯಾ. ನಾಲ್ಕು ಮತದವರು ಒಂದೇ ಹಡಗಿನ ಲಾಭನಷ್ಟಕ್ಕೆ ಭಾಗಿಗಳಾದದ್ದು ಆ ಕಾಲದ ಮುಂಬಯಿಗೆ ಸಹಜವಾಗಿತ್ತು. ಅದನ್ನು ಸರ್ವಧರ್ಮಸಮನ್ವಯವೆಂದು ಹೊಗಳುವ ಅಗತ್ಯವಿಲ್ಲ.

ಆ ಹಡಗುಗಳಲ್ಲಿ ಏನಿತ್ತು ಎಂಬುದನ್ನು ಚರಿತ್ರಕಾರರು ಬಹುಕಾಲ ಮೆಲ್ಲನೆ ಹೇಳಿ ಮುಂದೆ ಸಾಗಿದರು. ಹತ್ತಿಯೂ ಇತ್ತು, ಆದರೆ ಸಂಪತ್ತಿನ ಮುಖ್ಯ ಮೂಲ ಅಫೀಮು. ಬಂಗಾಲದ ಅಫೀಮು ಕಂಪನಿ ಸರಕಾರದ ಏಕಸ್ವಾಮ್ಯದಲ್ಲಿದ್ದಿತು. ಮಾಳವದ ಅಫೀಮು ಬೆಳೆಯುತ್ತಿದ್ದುದು ಶಿಂದೆ, ಹೋಳ್ಕರ ಮುಂತಾದ ದೇಶೀಯ ಅರಸರ ನೆಲದಲ್ಲಿ. ಆದುದರಿಂದ ಅದನ್ನು ಕಂಪನಿಗೆ ಕಟ್ಟಿಹಾಕಲಾಗಲಿಲ್ಲ. ಪೋರ್ತುಗೀಜರ ದಮನದ ಮೂಲಕ ಅದು ಹೊರಹೋಗುತ್ತಿರುವುದನ್ನು ತಡೆಯಲಾರದೆ, ಕೊನೆಗೆ ಸರಕಾರ ರಹದಾರಿ ಸುಂಕ ವಿಧಿಸಿ ಮುಂಬಯಿ ಬಂದರವನ್ನೇ ತೆರೆಯಿತು. ಈ ಸಂದಿನಲ್ಲಿ ಮುಂಬಯಿಯ ದೇಶೀಯ ವರ್ತಕರು ಬೆಳೆದರು. ಕಲಕತ್ತೆಯ ವರ್ತಕರಿಗೆ ಇಂತಹ ಅವಕಾಶ ದೊರೆಯಲಿಲ್ಲ. ಚೀನಾದಲ್ಲಿ ಈ ವಸ್ತುವನ್ನು ಇಳಿಸುವುದು ರಾಜಾಜ್ಞೆಗೆ ವಿರುದ್ಧವಾಗಿತ್ತೆಂಬುದನ್ನು ಮುಂಬಯಿಯ ಪೇಟೆ ಚೆನ್ನಾಗಿ ಬಲ್ಲದು.

1839ರಲ್ಲಿ ಚೀನಾದ ಅಧಿಕಾರಿ ಲಿನ್ ತ್ಸೆ-ಶೂ ವರ್ತಕರಿಂದ 20,283 ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಪಡಿಸಿದನು. ಬ್ರಿಟಿಷ್ ಪ್ರತಿನಿಧಿ ಎಲಿಯಟ್ ಸರಕಾರದ ಪರವಾಗಿ ಪರಿಹಾರದ ವಚನವಿತ್ತು ಮಾಲನ್ನು ಒಪ್ಪಿಸಿದ್ದನು. ಆ ಮಾಲಿನಲ್ಲಿ ದೊಡ್ಡ ಪಾಲು ಮುಂಬಯಿಯ ವರ್ತಕರದು. ರಾಯಭಾರಿಯ ಪದವಿಯಿಲ್ಲದೆಯೇ ರಾಯಭಾರಿಯ ಕೆಲಸ ಮಾಡುವ ಸಂದರ್ಭ ಜಮಶೇಟಜೀಗೆ ಆಗ ಬಂದಿತು. ಮುಂಬಯಿಯ ಪೇಟೆಯ ಅಹವಾಲುಗಳನ್ನು ಆತ ಜಾರ್ಡಿನನ ನೆರವಿನಿಂದ ಲಂಡನ್ನಿಗೆ ಮುಟ್ಟಿಸಿದನು. ಯುದ್ಧವಾಯಿತು. 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಚೀನಾ ತೆರಬೇಕಾದ 2 ಕೋಟಿ 10 ಲಕ್ಷ ಡಾಲರುಗಳಲ್ಲಿ 60 ಲಕ್ಷ ನಾಶವಾದ ಅಫೀಮಿನ ಬಾಬತ್ತು; ವರ್ತಕರಿಗೆ ಅದರಿಂದ ಪೂರ್ಣ ಬೆಲೆ ದೊರೆಯಲಿಲ್ಲ. ಅದೇ ವರ್ಷ ಜಮಶೇಟಜೀಗೆ ‘ಸರ್’ ಪದವಿ ಲಭಿಸಿತು. ಭಾರತೀಯನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.

ದಾನದ ಕಥೆ ಇದಕ್ಕೂ ಹಿಂದಿನದು. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಸರಕಾರದ ಕ್ರಮದ ವಿರುದ್ಧ ಪಾರಸಿಗಳು ದೊಂಬಿಯೆದ್ದರು. ಎರಡು ವರ್ಷಗಳ ಬಳಿಕ ಜಮಶೇಟಜೀಯೂ ಜೈನ ಮಿತ್ರರೂ ಸೇರಿ ಮುಂಬಯಿಯ ಪಾಂಜರಾಪೋಳವನ್ನು ಸ್ಥಾಪಿಸಿದರು. ಮೇವಿನ ನೆಲಕ್ಕೆ ಸರಕಾರ ತೆರಿಗೆ ಹಾಕಿದಾಗ ಈತ ಬಡವರ ದನಗಳಿಗಾಗಿ ಹುಲ್ಲುಗಾವಲು ಕೊಂಡುಬಿಟ್ಟನೆಂದೂ, ‘ಚರಣೀ’ ಎಂಬ ಆ ಮೇವುದಾಣದಿಂದಲೇ ಚರ್ನಿ ರೋಡ್ ಎಂಬ ಹೆಸರು ಬಂದಿತೆಂದೂ ಹೇಳುವುದುಂಟು. ಠಾಣೆಯ ಚೆಂದಣಿಯಿಂದ ವಲಸೆ ಬಂದವರಿಂದ ಆ ಹೆಸರಾಯಿತೆಂಬ ಬೇರೊಂದು ವಾದವೂ ಇರುವುದರಿಂದ ಸ್ಥಳನಾಮವನ್ನು ನೆಚ್ಚಿ ದಾನವನ್ನು ಅಳೆಯುವುದು ಸರಿಯಲ್ಲ.

ಮಾಹೀಮದ ಸೇತುಮಾರ್ಗದ ವಿಷಯದಲ್ಲಿ ಇಂತಹ ಸಂದೇಹಕ್ಕೆ ಎಡೆಯಿಲ್ಲ. ಮಾಹೀಮಕ್ಕೂ ಬಾಂದ್ರಾಕ್ಕೂ ನಡುವಣ ಕೊಲ್ಲಿಯನ್ನು ಜನ ದೋಣಿಯಲ್ಲಿ ದಾಟುತ್ತಿದ್ದರು. ಮಳೆಗಾಲದಲ್ಲಿ ದೋಣಿ ಮಗುಚಿ ಪ್ರಾಣಹಾನಿಯಾಗುತ್ತಿತ್ತು. ಇದರ ವೆಚ್ಚ ಭರಿಸಲು ಸರಕಾರ ಹಿಂಜರಿದಾಗ ಮುಂದೆ ಬಂದವಳು ಆವಾಬಾಯಿ. ಆಕೆ ಕೊಟ್ಟ ಹಣ 1,57,000 ರೂಪಾಯಿ. ಹಾಯುವವರಿಂದ ಸುಂಕ ತೆಗೆದುಕೊಳ್ಳಕೂಡದೆಂಬುದು ಆಕೆಯ ನಿಬಂಧನೆ. 1845ರಲ್ಲಿ ದಾರಿ ತೆರೆಯಿತು. ಸಾಷ್ಟಿಯೆಂಬ ಬೇರೊಂದು ದ್ವೀಪ ಮುಂಬಯಿಯ ಉಪನಗರವಾಗುವುದಕ್ಕೆ ಇದು ಮೊದಲ ಮೆಟ್ಟಿಲುಗಳಲ್ಲೊಂದು. ಬಾಂದ್ರಾ, ಸಾಂತಾಕ್ರೂಜ, ಅಂಧೇರಿಗಳಲ್ಲಿ ಮನೆ ಮಾಡಿದ ನಮ್ಮವರು ರೈಲನ್ನು ಬಿಟ್ಟು ರಸ್ತೆಯ ದಾರಿಯಲ್ಲಿ ನಗರಕ್ಕೆ ಬರುವ ಮಾರ್ಗಗಳಲ್ಲಿ ಇದೂ ಒಂದು. ಆಚೆ ದಾಟಿದೊಡನೆ ದಕ್ಷಿಣಕ್ಕೆ ಸಾಗುವ ರಸ್ತೆಗೆ ಲೇಡಿ ಜಮಶೇಟಜೀಯ ಹೆಸರುಂಟು. ಬಸ್ಸಿನ ಹಲಗೆಯ ಮೇಲೆ ಅದು ‘ಎಲ್. ಜೆ.’ ಎಂದು ಕುಗ್ಗಿದೆ.

ಅದೇ 1845ರಲ್ಲಿ ಆಸ್ಪತ್ರೆಯೂ ಗ್ರ್ಯಾಂಟ್ ವೈದ್ಯಕೀಯ ಕಾಲೇಜೂ ಆರಂಭವಾದವು. ಆಸ್ಪತ್ರೆಗೆ ಜಮಶೇಟಜೀ ಒಂದು ಲಕ್ಷ ರೂಪಾಯಿಗೂ ಮಿಕ್ಕ ಹಣವಿತ್ತು, ಸರಕಾರವೂ ಪಾಲು ಕೊಡಬೇಕೆಂದು ಬಿಗಿಹಿಡಿದನು. ವರ್ತಕನ ಈ ಜಾಣತನ ಗಮನಾರ್ಹ: ತಾನು ಕೊಟ್ಟು ಸುಮ್ಮನಾಗದೆ ಸರಕಾರವನ್ನೂ ಹೊಣೆಗೆ ಕಟ್ಟಿದನು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ ವೈದ್ಯನಾಗಬಯಸಿದ ಕನ್ನಡದ ಹುಡುಗನಿಗೆ ಈ ಕಾಲೇಜಿನ ಬಾಗಿಲು ಮುಖ್ಯವಾಗಿತ್ತು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದ್ದು 1957ರಲ್ಲಿ. ಕಲಾಶಾಲೆ 1857ರಲ್ಲಿ ತೆರೆಯಿತು. ಅದಕ್ಕೂ ಈತನ ಕೊಡುಗೆ ಒಂದು ಲಕ್ಷ. ದೇಶದ ಕುಶಲಕರ್ಮಿಗಳಿಗೆ ಹೊಸ ವಿದ್ಯೆ ಸಿಗಲೆಂಬುದು ಆತನ ಉದ್ದೇಶ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ. ಕೆ. ಹೆಬ್ಬಾರರು ಕಲಿತದ್ದೂ ಕೆಲವು ಕಾಲ ಕಲಿಸಿದ್ದೂ ಅಲ್ಲಿಯೇ.

ಅಫೀಮಿನ ಹಣವೇ ಆಸ್ಪತ್ರೆಯಾಯಿತೆಂದು ಮೂದಲಿಸುವವರೂ, ಆಸ್ಪತ್ರೆ ಕಟ್ಟಿಸಿದುದರಿಂದ ಅಫೀಮಿನ ದೋಷ ತೊಳೆದುಹೋಯಿತೆನ್ನುವವರೂ ಲೆಕ್ಕವನ್ನು ಬೇಗ ಮುಗಿಸುತ್ತಾರೆ. ವ್ಯಸನಕ್ಕೆ ಬಲಿಯಾದವರು ಚೀನಾದವರು. ಚಿಕಿತ್ಸೆ ಪಡೆದವರು ಮುಂಬಯಿಯವರು. ಒಬ್ಬರ ಸಾಲ ಇನ್ನೊಬ್ಬರಿಗೆ ಸಂದಾಯವಾದರೆ ಖಾತೆ ಚುಕ್ತವಾಗುವುದಿಲ್ಲವೆಂಬುದು ಜಮಶೇಟಜೀಯಂತಹ ವರ್ತಕನಿಗೆ ತಿಳಿಯದ ವಿಷಯವಲ್ಲ. ಆದರೆ ಆ ಕಾಲದ ಮುಂಬಯಿಯಲ್ಲಿ ಈ ವ್ಯಾಪಾರವನ್ನು ನಿಂದ್ಯವೆಂದು ಎಣಿಸಿದವರು ಅತಿ ವಿರಳ, ಮತ್ತು ಅದರ ಸುಂಕದಿಂದ ಬೊಕ್ಕಸ ತುಂಬಿಕೊಂಡ ಸರಕಾರ ಒಂದು ಆಸ್ಪತ್ರೆಗೆ ಪಾಲು ಕೊಡಲು ಸಹ ಒತ್ತಾಯ ಬೇಕಾಯಿತೆಂಬುದನ್ನು ಮರೆಯಲಾಗದು.

1857ರ ಬಂಡಾಯದ ವರ್ಷದಲ್ಲಿ ಈತ ರಾಜನಿಷ್ಠರ ಸಾಲಿನಲ್ಲಿಯೇ ನಿಂತನು. ಅದೇ ಆಗಸ್ಟಿನಲ್ಲಿ ವಂಶಪಾರಂಪರ್ಯದ ಬ್ಯಾರನೆಟ್ ಪದವಿ ಬಂದಿತು. ಪುರಭವನದಲ್ಲಿ ನಿಲ್ಲಿಸಲೆಂದು ಸಾರ್ವಜನಿಕರ ಹಣದಿಂದ ಪ್ರತಿಮೆಯೂ ಸಿದ್ಧವಾಯಿತು. 1859ರ ಏಪ್ರಿಲ್ 14ರಂದು ಜಮಶೇಟಜೀ ತೀರಿಕೊಂಡನು. ಮರುವರ್ಷ ಆದ ಕಾಯಿದೆಯ ಮೇರೆಗೆ, ಆ ಪದವಿಗೇರುವ ಪ್ರತಿಯೊಬ್ಬ ವಾರಸುದಾರನೂ ತನ್ನ ಹುಟ್ಟುಹೆಸರನ್ನು ಬಿಟ್ಟು ಜಮಶೇಟಜೀ ಜೀಜೀಭಾಯಿ ಎಂಬ ಹೆಸರನ್ನೇ ಧರಿಸಬೇಕಾಯಿತು.