ಮೂರು ಹೆಸರಿನ ಪುಸ್ತಕ

ಹೋದ ದೀಪಾವಳಿಗೆ ಶಲವಡಿಯ ಮನಿ ಅಟ್ಟ ಸ್ವಚ್ಛ ಮಾಡೂವಾಗ ಹಳೇ ಟ್ರಂಕಿನಲ್ಲಿ ನನ್ನ ಬಿ.ಎ. ಅರ್ಥಶಾಸ್ತ್ರದ ಪುಸ್ತಕ ಸಿಕ್ತು. ಮೊದಲ ಪುಟದಲ್ಲಿ ಮೂರು ಹೆಸರು: ಗದಗಿನವರು ಯಾರೋ ಒಬ್ಬರು, ಆಮೇಲೆ ನಮ್ಮ ಕಾಕಾ, ಕಡೀಕ ನಾನು. ಎಪ್ಪತ್ತರ ದಶಕದಲ್ಲಿ ಕಾಕಾ ಅದನ್ನ ಧಾರವಾಡದಾಗ ಅರ್ಧ ರೇಟಿಗೆ ತಗೊಂಡಿದ್ರು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ಲಿನಿಂದ ‘ಇದು ಬಂದೇ ಬರತೈತಿ’ ಅಂತ ಬರೆದಿದ್ರು. ಪರೀಕ್ಷೆಗೆ ಬಂತು ಕೂಡ. ನಾನು ಪಾಸಾಗಿದ್ದರಲ್ಲಿ ಆ ಪೆನ್ಸಿಲ್ಲಿನ ಪಾಲು ದೊಡ್ಡದು.

ನಮ್ಮ ಕಡೆ ಪಠ್ಯಪುಸ್ತಕ ಸುಮ್ಮನೆ ಬಂದದ್ದಲ್ಲ. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿ ನಡೀತಿದ್ದ ಶಾಲೆಗಳಿಗೆ ಕನ್ನಡ ತರಲು ಹೆಣಗಿದರು. ಆದರೆ ಕಾಲೇಜು ಅಂದ್ರೆ ಪುಣೆ, ಮುಂಬಯಿ. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂತು, ಪುಸ್ತಕ ಮಾತ್ರ ಇಂಗ್ಲಿಷಿನವೇ. 1968ರ ಹೊತ್ತಿಗೆ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳಲ್ಲಿ ವಿಶ್ವವಿದ್ಯಾಲಯ ಮಟ್ಟದ ಪಠ್ಯ ತರಲು ರಾಜ್ಯಕ್ಕೆ ತಲಾ 1 ಕೋಟಿ ರೂಪಾಯಿಯ ಯೋಜನೆ ಮಾಡಿತು. ಹಳ್ಳಿಯಿಂದ ಹೋದ ಹುಡುಗರು ಅರ್ಥಶಾಸ್ತ್ರವನ್ನ ಕನ್ನಡದಾಗ ಓದಿ ಪರೀಕ್ಷೆ ಬರೆಯೋ ಕಾಲ ಶುರುವಾದದ್ದು ಆಗ.

ಮುಂದಿನದು ಬೇಗ ಬಂತು. 2010ರಲ್ಲಿ ಎನ್-ಲಿಸ್ಟ್ ಶುರುವಾಗಿ, ಸಣ್ಣ ಊರಿನ ಕಾಲೇಜೂ ವರ್ಷಕ್ಕೆ ಕೆಲವೇ ಸಾವಿರ ಕಟ್ಟಿ ಸಾವಿರಾರು ಇ-ಪುಸ್ತಕ ತೆರೆಯುವಂತಾಯಿತು (ಹೆಚ್ಚಿನವು ಇಂಗ್ಲಿಷೇ, ಅದು ಬೇರೆ ಮಾತು). 2021ರ ಜೂನಿನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚೋಕೆ ಹೊರಟಿತು. ಇದನ್ನ ಹಗುರಾಗಿ ಕಾಣಬಾರದು. ಒಂದು ಪುಸ್ತಕ ನೋಡಾಕ ಅಣ್ಣಿಗೇರಿಗೆ ಹೋಗಿ, ರೈಲು ಹಿಡಿದು ಧಾರವಾಡ ಮುಟ್ಟಿದವ ನಾನು.

ಆದರೆ ಇ-ಪುಸ್ತಕದಾಗೂ ಎರಡು ಜಾತಿ ಅದಾವ ನೋಡ್ರಿ. ಒಂದು, ಇಳಿಸಿಕೊಂಡು ಇಟ್ಟುಕೊಳ್ಳೋದು. ಎಐಸಿಟಿಇ ಕನ್ನಡಕ್ಕೆ ತಂದ ಎಂಜಿನಿಯರಿಂಗ್ ಪಠ್ಯಗಳು ಹಿಂಗ ಪುಕ್ಕಟೆ ಪಿಡಿಎಫ್ ಆಗಿ ಸಿಗತಾವ. ಇನ್ನೊಂದು, ಪಾಸ್‌ವರ್ಡ್ ಇರೂತನಕ ಮಾತ್ರ ನಮ್ಮದು. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ, ಹಕ್ಕಿಲ್ಲದವರು ಮಾರಿದ್ದು ಅಂತ, ಜಾರ್ಜ್ ಆರ್ವೆಲ್‌ನ ‘1984’ ಕಾದಂಬರಿಯನ್ನ ಜನ ದುಡ್ಡು ಕೊಟ್ಟು ಕೊಂಡಿದ್ದ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. ಅಮೆರಿಕದ ಒಬ್ಬ ವಿದ್ಯಾರ್ಥಿ ಅದರ ಮೇಲೆ ಮಾಡಿಕೊಂಡಿದ್ದ ಟಿಪ್ಪಣಿಗಳೆಲ್ಲ ಉಪಯೋಗಕ್ಕೆ ಬಾರದಂತಾದವು. ದುಡ್ಡು ವಾಪಸ್ ಕೊಟ್ಟರು, ಕ್ಷಮೆ ಕೇಳಿದರು. ಓದುವಾಗ ‘ಅಮೆರಿಕದ ಕಥಿ, ನಮಗ್ಯಾಕ’ ಅಂದುಕೊಂಡಿದ್ದೆ.

ತಮ್ಮನ ಮಗಳು ಮೂರು ವರ್ಷ ಬಿ.ಎ. ಓದಿದ್ದೆಲ್ಲ ಒಂದು ಆ್ಯಪಿನಾಗ. ಗೆರೆ ಎಳೆದದ್ದು, ಪ್ರಶ್ನೆ ಗುರುತು ಮಾಡಿದ್ದು ಎಲ್ಲ ಅಲ್ಲೇ. ರಿಸಲ್ಟ್ ಬಂದ ಕೆಲ ತಿಂಗಳಿಗೆ ಲಾಗಿನ್ ಬಂದ್ ಆತು. ಅದೇ ವರ್ಷ ಆಕಿ ತಮ್ಮನೂ ಬಿ.ಎ. ಸೇರಿದ್ದ.

“ದೊಡ್ಡಪ್ಪಾ, ಅಕ್ಕ ಬರಕೊಂಡಿದ್ದು ತಗ್ಯಾಕ ಬರೂದಿಲ್ಲೇನ್ರಿ?” ಅಂತ ಕೇಳಿದ. ನನ್ನ ಪುಸ್ತಕ ಕೊಟ್ಟೆ. ತಿರುವಿ ನೋಡಿ, “ಸಿಲೆಬಸ್ ಬ್ಯಾರೆ ಐತ್ರಿ” ಅಂತ ಮೆಲ್ಲಕ ಕೆಳಗಿಟ್ಟ. ಆಕಿ ಈಗ ಇನ್ನೂರು ಪುಟದ ನೋಟ್‌ಬುಕ್ ತಂದು, ನೆನಪಿದ್ದಷ್ಟು ಬರದುಕೊಡಾಕ ಹತ್ಯಾಳ.