ದವಾಖಾನೆ ಚೀಟಿ ಮೊಬೈಲಿಗೆ ಬರಬೇಕಾದ್ರೆ ಡಾಕ್ಟರು ಏನ್ ಮಾಡಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ಬೆಳಗಾವಿ ದವಾಖಾನೆಗೆ ಹೋಗೋ ರೋಗಿ ಹಳೇ ಚೀಟಿ ಮನೇಲಿ ಮರೆತರೆ, ಅದೇ ರಕ್ತ ತಪಾಸಣೆಗೆ ಮತ್ತೆ ರೊಕ್ಕ ಕೊಡಬೇಕಾದೀತು. ಇಂಥ ತೊಂದರೆ ತಪ್ಪಿಸಲು ಇರೋದೇ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾಯ್ತು.

ರೋಗಿಗೆ: 14 ಅಂಕಿಯ ಆಭಾ ನಂಬರ್. ಉಚಿತ, ಕಡ್ಡಾಯವಲ್ಲ.

ಡಾಕ್ಟರಿಗೆ: ಮೆಡಿಕಲ್ ಕೌನ್ಸಿಲ್ ನಂಬರ್ ಕೊಟ್ಟು ಎಚ್‌ಪಿಆರ್‌ನಲ್ಲಿ ತಮ್ಮ ನೋಂದಣಿ, ಎಚ್‌ಎಫ್‌ಆರ್‌ನಲ್ಲಿ ದವಾಖಾನೆಯ ನೋಂದಣಿ. ಆಮೇಲೆ ಮಿಷನ್‌ಗೆ ಹೊಂದುವ ಸಾಫ್ಟ್‌ವೇರ್‌ನಲ್ಲಿ ಚೀಟಿ, ರಿಪೋರ್ಟು ಆಭಾಕ್ಕೆ ಜೋಡಿಸಬೇಕು. ನೋಂದಣಿಯಷ್ಟೇ ಮಾಡಿ ಕೈಯಿಂದ ಬರೆಯೋದನ್ನೇ ಮುಂದುವರಿಸಿದರೆ ಚೀಟಿ ತಾನಾಗಿ ಮೊಬೈಲಿಗೆ ಬರೋದಿಲ್ಲ.

ಗುಟ್ಟು: ದಾಖಲೆ ಬರೆದ ದವಾಖಾನೆಯಲ್ಲೇ ಉಳಿಯುತ್ತೆ. ರೋಗಿ ಒಪ್ಪಿಗೆ ಕೊಟ್ಟರಷ್ಟೇ ಬೇರೆ ಡಾಕ್ಟರು ಈ ವ್ಯವಸ್ಥೆಯಲ್ಲಿ ನೋಡಬಹುದು.

ನಿಮ್ಮ ಡಾಕ್ಟರನ್ನ ಕೇಳ್ರಿ: ‘ಚೀಟಿ ಆಭಾಕ್ಕೆ ಜೋಡಿಸ್ತೀರಾ?’ ಇಲ್ಲ ಅಂದ್ರೆ ಕಾಗದದ ಚೀಟೀನೇ ಜೋಪಾನ ಮಾಡ್ರಿ.